ನಿರಪರಾಧಿ ಮೀಟರು

ಕೆಮಾಮನ್, ತೆರೆಂಗಾನು, ಮಲೇಷ್ಯಾ
11 ಮಾರ್ಚ್ 1996

ಪ್ರೀತಿಯ ಹಲೀಜಕ್ಕನಿಗೆ ತಮ್ಮ ಜುಸೋ ಮಾಡುವ ಸಲಾಮು.

ಕ್ಲಾಂಗಿನ ನಿಮ್ಮ ರಿಪೇರಿ ಅಂಗಡಿಗೆ ಈ ವಾರ ನಮ್ಮ ಕಂಪನಿಯಿಂದ ಒಂದು ಮರದ ಪೆಟ್ಟಿಗೆ ಬರುತ್ತದೆ. ಒಳಗಿರುವುದು ವಿಕಿರಣ ಅಳೆಯುವ ಹಳದಿ ಮೀಟರು, ಹಿಡಿದು ಹಿಡಿದು ಹಿಡಿಯ ಬಣ್ಣ ಹೋಗಿರುವುದು. ಅದು ನಿನ್ನ ಮೇಜಿಗೇ ಬರಲಿ ಎಂದು ಚೀಟಿಯ ಮೇಲೆ ನಿನ್ನ ಹೆಸರು ಬರೆಸಿದ್ದೇನೆ. ಅದು ಸುಳ್ಳು ಹೇಳುತ್ತದೆ ಅಕ್ಕ. ಎಲ್ಲಿ ಕೆಟ್ಟಿದೆಯೆಂದು ನೀನು ಕಂಡುಹಿಡಿಯಬೇಕು.

ನಿನಗೆ ಮೀಟರು ಗೊತ್ತು, ನಮ್ಮ ಅಂಗಳದ ಕೆಲಸ ಗೊತ್ತಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸಮುದ್ರಕ್ಕಿಳಿಯುವ ಎಣ್ಣೆ ಪೈಪುಗಳ ಬೆಸುಗೆ ಒಳಗಿಂದ ಗಟ್ಟಿಯೋ ಪೊಳ್ಳೋ ಎಂದು ಫೋಟೋ ತೆಗೆಯುವುದು ನಮ್ಮ ಕಸುಬು. ಎತ್ತಲಾರದಷ್ಟು ಭಾರದ ಒಂದು ಡಬ್ಬಿಯಲ್ಲಿ ವಿಕಿರಣ ಸೂಸುವ ಕಾಳು ಮಲಗಿರುತ್ತದೆ. ದೂರ ನಿಂತು ನಾನು ಹ್ಯಾಂಡಲು ತಿರುಗಿಸಿದರೆ ಅದು ಕೊಳವೆಯೊಳಗೆ ಸರಿದು ಬೆಸುಗೆಯ ಹತ್ತಿರ ಹೋಗುತ್ತದೆ. ಆಚೆ ಕಟ್ಟಿದ ಫಿಲ್ಮಿನ ಮೇಲೆ ಚಿತ್ರ ಬೀಳುತ್ತದೆ. ಹಿಂದಕ್ಕೆ ತಿರುಗಿಸಿದರೆ ಡಬ್ಬಿಗೆ ಬಂದು ಮಲಗುತ್ತದೆ. ಬಂತೋ ಇಲ್ಲವೋ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಮೀಟರಿನ ಮುಳ್ಳು ಸೊನ್ನೆಗಿಳಿದರೆ ಬಂತು ಎಂದು ಅರ್ಥ. ದೂರದಿಂದ ತಿಳಿಯಲು ಬೇರೆ ಸಾಕ್ಷಿಯಿಲ್ಲ.

ಉಪವಾಸದ ತಿಂಗಳು, ಸಂಜೆ. ಕೆಲಸಗಾರರೆಲ್ಲ ಮಸೀದಿಯ ಗಂಜಿಗೆ ಪಾತ್ರೆ ಹಿಡಿದು ಓಡುತ್ತಿದ್ದರು. ಪೈಪಿನ ರಾಶಿಯ ಈ ಕಡೆ ಹ್ಯಾಂಡಲಿನ ಹತ್ತಿರ ನಾನು. ಆ ಕಡೆ ಮೀಟರು ಹಿಡಿದು ದೆರಾಮನ್. ಗೊತ್ತಲ್ಲ, ನಮ್ಮ ರೊಹಾಯಾಳ ಕಿರಿಯ ತಮ್ಮ, ನನ್ನ ಭಾವಮೈದುನ, ನನ್ನ ಕೈಕೆಳಗೇ ಕೆಲಸ ಕಲಿತವನು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಮಾತೆಲ್ಲ ವಾಕಿಟಾಕಿಯಲ್ಲೇ. ಕಾಳನ್ನು ಹಿಂದಕ್ಕೆಳೆದು ನಾನು ಕೇಳಿದೆ, ‘ಕೊಸೊಂಗ್?’ ಸೊನ್ನೆಯಾ ಅಂತ. ಅವನು ‘ಕೊಸೊಂಗ್, ಭಾವ’ ಅಂದ. ‘ಹಾಗಾದ್ರೆ ಬಿಚ್ಚೋ, ಹೋಗೋಣ’ ಅಂದೆ. ಅವನು ಕೊಳವೆಯ ತುದಿಯನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ಬಿಚ್ಚಿದ. ಕಾಳು ಅಲ್ಲೇ ಇತ್ತು. ತುದಿಯ ಹತ್ತಿರ ಕೊಳವೆ ಬಾಗಿದ ಕಡೆ ಸಿಕ್ಕಿಕೊಂಡಿತ್ತು. ಕಾಳು ಒಳಗಿಲ್ಲದಿದ್ದರೆ ಡಬ್ಬಿಗೆ ಬೀಗ ಬೀಳದು; ನಾನು ಹೋಗಿ ಹಾಕಿದ ಬೀಗ ಬೀಳದಿದ್ದಾಗಲೇ ನನಗೆ ಗೊತ್ತಾದದ್ದು. ‘ಮುಳ್ಳು ನೋಡಿದ್ಯೇನೋ?’ ಎಂದು ಕಿರುಚಿದೆ. ‘ನೋಡ್ದೆ ಭಾವ, ಸೊನ್ನೇಲೇ ಇತ್ತು’ ಅಂದ.

ಈಗ ಅವನ ಬಲಗೈಯ ಎರಡು ಬೆರಳು ಗುಳ್ಳೆಯೆದ್ದು ಒಡೆದಿವೆ. ಜೂನಿನಲ್ಲಿ ಇಲಾಖೆಯವರ ವಿಚಾರಣೆ. ಮೀಟರು ಕೆಟ್ಟಿತ್ತು ಎಂದಾದರೆ ಯಾರ ತಪ್ಪೂ ಅಲ್ಲ. ಕೆಟ್ಟಿರಲಿಲ್ಲ ಎಂದಾದರೆ ನೋಡದೆ ನೋಡಿದೆನೆಂದವನು ದೆರಾಮನ್. ಬೆರಳಿನ ಹಿಂದೆ ಅವನ ಪರವಾನಗಿಯೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಏಡಿ ಓಡಿತು ಬಿಲದ ಒಳಗೆ, ಕಡಲು ಸರಿಯಿತು ಇಳಿತಕ್ಕೆ;
ಮೀಟರು ಬಂತು ನಿನ್ನ ಬಳಿಗೆ, ಕಾದು ಕುಳಿತೆ ಫಲಿತಕ್ಕೆ.

ನಿನ್ನ ತಮ್ಮ,
ಜುಸೋ

*

ಕ್ಲಾಂಗ್
23 ಮಾರ್ಚ್ 1996

ಪ್ರೀತಿಯ ಜುಸೋಗೆ,

ನಿನ್ನ ಕಾಗದವೂ ನಿನ್ನ ಆರೋಪಿಯೂ ಒಂದೇ ದಿನ ಬಂದರು. ದೆರಾಮನ್‌ನ ಆ ಕೈ ನನಗೆ ನೆನಪಿದೆ. ಮೀನು ಸೀಳುವಾಗ ಬೆನ್ನೆಲುಬು ಒಂದೇ ಎಳೆತಕ್ಕೆ ಬರುತ್ತಿತ್ತು. ಅವನ ತಾಯಿಗೆ ನನ್ನ ಸಲಾಮು ಹೇಳು.

ಇನ್ನು ಮೀಟರು. ಸತ್ತ ಮೀಟರುಗಳಲ್ಲಿ ಮುಕ್ಕಾಲು ಪಾಲು ಸಾಯುವುದು ಸೆಲ್ಲಿನಿಂದ. ಅದಕ್ಕೇ ಮೊದಲು ಸೆಲ್ಲು ನೋಡಿದೆ. ಪರೀಕ್ಷೆಯ ಗುಂಡಿ ಒತ್ತಿದರೆ ಮುಳ್ಳು ಎದ್ದು ಹಸಿರು ಪಟ್ಟಿಯ ಮೇಲೆ ಹೋಗಿ ಕೂತಿತು, ಹಳೆಯ ಗಿರಾಕಿ ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತಂತೆ. ಸೆಲ್ಲನ್ನು ಕಚ್ಚುವ ಸ್ಪ್ರಿಂಗಿಗೆ ಕಡಲ ಗಾಳಿಯ ಕಿಲುಬು ಸ್ವಲ್ಪ ಹಿಡಿದಿದೆ, ಆದರೆ ಹಿಡಿತ ಬಿಟ್ಟಿಲ್ಲ. ಸೆಲ್ಲು ತಿರುಗುಮುರುಗಾಗಿ ಹಾಕಿದ್ದಿರೇನೋ ಎಂದು ಗುರುತು ಹುಡುಕಿದೆ, ಇಲ್ಲ. ಆಮೇಲೆ ಪರೀಕ್ಷೆಗೆಂದೇ ನಮ್ಮಲ್ಲಿಟ್ಟಿರುವ ವಿಕಿರಣದ ಚಿಕ್ಕ ಬಿಲ್ಲೆಯನ್ನು ಮುಂದೆ ಹಿಡಿದೆ. ಎಷ್ಟು ತೋರಿಸಬೇಕೋ ಅಷ್ಟು. ಹತ್ತಿರ ತಂದರೆ ಏರಿತು, ದೂರ ಸರಿಸಿದರೆ ಇಳಿಯಿತು. ನಮ್ಮ ಮನೆತನದಲ್ಲಿ ಇಷ್ಟು ನೆಟ್ಟಗೆ ಉತ್ತರ ಕೊಡುವವರು ಯಾರೂ ಇಲ್ಲ.

ಇನ್ನೂ ಬಿಚ್ಚಿ ನೋಡುತ್ತೇನೆ. ಆದರೆ ನೀನು ಆಸೆ ಇಟ್ಟುಕೊಳ್ಳಬೇಡ ಎಂದು ಹೇಳಲೋ, ಇಟ್ಟುಕೋ ಎಂದು ಹೇಳಲೋ ತಿಳಿಯುತ್ತಿಲ್ಲ. ಮೀಟರು ಕೆಟ್ಟಿರಲಿ ಎಂದು ಹರಸಿಕೊಂಡು ಬಂದ ಗಿರಾಕಿ ನೀನೇ ಮೊದಲು.

ತೆಂಗಿನ ಗರಿಯಲಿ ಕಾಗೆ ಕೂತಿತು, ಗಾಳಿಗೆ ಗರಿಯೇ ಬಾಗಿತ್ತು;
ಸೆಲ್ಲನು ಹಾಕಲು ಮುಳ್ಳು ಎದ್ದಿತು, ಸುಳ್ಳನು ಹೇಳದೆ ಸಾಗಿತ್ತು.

ನಿನ್ನ ಅಕ್ಕ,
ಹಲೀಜಾ

*

ಕೆಮಾಮನ್
5 ಏಪ್ರಿಲ್ 1996

ಅಕ್ಕ,

ಇನ್ನೊಮ್ಮೆ ನೋಡು. ಸ್ಪ್ರಿಂಗಿಗೆ ಕಿಲುಬು ಹಿಡಿದಿದೆ ಎಂದು ನೀನೇ ಬರೆದಿದ್ದೀಯ. ಅಂಗಡಿಯ ಮೇಜಿನ ಮೇಲೆ ಸರಿಯಿರುವುದು ಅಂಗಳದಲ್ಲಿ ಸರಿಯಿರಬೇಕೆಂದಿಲ್ಲ. ಇಲ್ಲಿ ಉಪ್ಪು ಗಾಳಿ, ಬಿಸಿಲು, ಜೀಪಿನ ಕುಲುಕಾಟ.

ದೆರಾಮನ್ ಕುವಾಂತಾನ್‌ನ ಆಸ್ಪತ್ರೆಯಿಂದ ಬಂದಿದ್ದಾನೆ, ಹೊಳೆಯಾಚೆ ತಾಯಿಯ ಮನೆಯಲ್ಲಿದ್ದಾನೆ. ಕೈಯನ್ನು ಕೊರಳಿಗೆ ತೂಗುಕಟ್ಟಿದ್ದಾರೆ. ಎಡಗೈಯಲ್ಲಿ ಉಣ್ಣಲಾರೆ ಎಂದು ಹಟ. ಯಾರಾದರೂ ಬಂದರೆ ಹಸಿವಿಲ್ಲ ಅನ್ನುತ್ತಾನೆ. ಬಂದವರು ಹೋದ ಮೇಲೆ ಮೀಸೆ ಬಂದ ಗಂಡಸಿಗೆ ತಾಯಿ ತುತ್ತು ಕಲಸಿ ಬಾಯಿಗಿಡುತ್ತಾಳೆ. ಇದನ್ನು ನನಗೆ ಹೇಳಿದ್ದು ರೊಹಾಯಾ. ನಾನು ಹೋದಾಗಲೆಲ್ಲ ಅವನಿಗೆ ಹಸಿವಿರುವುದಿಲ್ಲ.

ಮೊನ್ನೆ ರೊಹಾಯಾ ಕೇಳಿದಳು: ‘ಅಕ್ಕ ಏನ್ ಬರ್ದಿದಾರೆ?’

‘ನೋಡ್ತಾ ಇದಾರಂತೆ.’

‘ಅದೇನ್ರೀ ಅಷ್ಟು ನೋಡೋದು? ಹೆಣ್ ನೋಡೋಕ್ ಬಂದೋರೂ ಇಷ್ಟ್ ದಿನ ನೋಡಲ್ಲ.’

‘ಸೂಕ್ಷ್ಮದ ಕೆಲಸ ಕಣೇ.’

‘ಸೂಕ್ಷ್ಮ ನಂಗೂ ಗೊತ್ತು. ಮೀಟ್ರು ಕೆಟ್ಟಿಲ್ಲ ಅಂದ್ರೆ ನನ್ ತಮ್ಮ ಸುಳ್ಳ ಅಂತಾಗುತ್ತೆ. ನೀವು ಅವನ ಪಕ್ಕದಲ್ಲೇ ಇದ್ರಲ್ಲ, ನೀವೇನ್ ಅಂತೀರಾ?’

ಪಕ್ಕದಲ್ಲಿರಲಿಲ್ಲ, ಪೈಪಿನ ಈಚೆಗಿದ್ದೆ ಅಂದೆ. ಅವಳು ಅಕ್ಕಿ ಆರಿಸುತ್ತಾ ಕೂತಳು.

ದೆರಾಮನ್ ಕೇಳುವುದು ಇನ್ನೂ ಕಷ್ಟ. ‘ಭಾವ, ನಾನು ಮುಳ್ಳು ನೋಡ್ದೆ ಅಲ್ವಾ? ಒಂದೊಂದ್ಸಲ ನೋಡಿದ್ದು ಕಣ್ಣಿಗೆ ಕಟ್ಟಿದಂಗಿರುತ್ತೆ, ಒಂದೊಂದ್ಸಲ ಏನೂ ಇಲ್ಲ. ನೀವೇ ಹೇಳಿ, ನೋಡ್ದೆ ತಾನೆ?’ ನಾನು ‘ನೋಡಿದ್ದೀಯ ಕಣೋ’ ಅಂದೆ. ಆ ಪೈಪಿನ ರಾಶಿಯ ಮೂಲಕ ನನಗೆ ಏನು ಕಾಣುತ್ತಿತ್ತು ಹೇಳು.

ಹಬ್ಬದ ದಿನ ಎಲ್ಲರೂ ಎಲ್ಲರ ಕೈ ಹಿಡಿದು ಕೇಳುವಂತೆ ನಾನೂ ಅವನ ಕೈ ಹಿಡಿದು ‘ಒಳಗಿನದೂ ಹೊರಗಿನದೂ ಮನ್ನಿಸು’ ಅಂದಿದ್ದೆ. ಆಗ ಬೆರಳು ಕೆಂಪಗಿದ್ದವು, ಅಷ್ಟೆ. ಅಂಗೈ ಬಿಸಿಯಿತ್ತು. ಅವನು ನಕ್ಕು, ‘ನಂದೂ ಮನ್ನಿಸಿ ಭಾವ’ ಅಂದ. ಎಲ್ಲವನ್ನೂ ಮನ್ನಿಸಿದ್ದಾನೆ, ಏನನ್ನು ಎಂದು ಕೇಳದೆ. ಸಗಟು ವ್ಯಾಪಾರ. ಹಬ್ಬ ಮುಗಿದು ಒಂದೂವರೆ ತಿಂಗಳಾದರೂ ನನ್ನ ಅಂಗೈಗೆ ಆ ಬಿಸಿ ಇನ್ನೂ ಹತ್ತಿದೆ.

ಇನ್ನೊಮ್ಮೆ ನೋಡಕ್ಕ.

ಜುಸೋ

*

ಕ್ಲಾಂಗ್
22 ಏಪ್ರಿಲ್ 1996

ಜುಸೋ,

ಪದ್ಯವಿಲ್ಲದೆ ನಿನ್ನಿಂದ ಬಂದ ಮೊದಲ ಕಾಗದ ಇದು. ಅಪ್ಪ ತೀರಿಕೊಂಡ ಸುದ್ದಿ ತಿಳಿಸಿದಾಗಲೂ ನೀನು ಎರಡು ಸಾಲು ಪ್ರಾಸ ಹೊಂದಿಸಿದ್ದೆ. ಹಾಗಾಗಿ ಹೆದರಿದೆ. ಹೆದರಿ ಆ ಬಡಪಾಯಿ ಮೀಟರಿಗೆ ಚಿತ್ರಹಿಂಸೆ ಕೊಟ್ಟೆ.

ಅನ್ನ ಬೇಯಿಸುವ ಪಾತ್ರೆಯ ಆವಿಯಲ್ಲಿ ಹಿಡಿದೆ. ತಿಂಡಿಯ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಜೊತೆ ಮುಚ್ಚಿಟ್ಟೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕುಲುಕಿಸುತ್ತಾ ಮನೆಗೆ ಹೋದೆ, ಬಂದೆ. ಅಳತೆಯ ಮಟ್ಟ ಬದಲಿಸುವ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಹೆಬ್ಬೆರಳು ನೋಯಿಸಿಕೊಂಡೆ. ವಿಕಿರಣವನ್ನು ಹಿಡಿಯುವ ಒಳಗಿನ ಗಾಜಿನ ನಳಿಗೆಯನ್ನು ತೆಗೆದು ಬೇರೆ ಮೀಟರಿಗೆ ಹಾಕಿದೆ, ಅಲ್ಲೂ ಸರಿ. ಬೇರೆ ನಳಿಗೆಯನ್ನು ಇದಕ್ಕೆ ಹಾಕಿದೆ, ಇಲ್ಲೂ ಸರಿ. ತುಂಬ ಜೋರಾದ ವಿಕಿರಣದೆದುರು ಕೆಲವು ಮೀಟರು ಉಸಿರುಕಟ್ಟಿ ಸೊನ್ನೆಗೆ ಬೀಳುವುದುಂಟು. ಅದನ್ನೂ ಪರೀಕ್ಷಿಸಿದೆ. ಇದು ಬೀಳುವುದಿಲ್ಲ, ಕೊನೆಯ ಗೆರೆಗೆ ಹೋಗಿ ಹಟ ಹಿಡಿದು ಕೂರುತ್ತದೆ. ಪೊಲೀಸರ ಕೈಯಲ್ಲಿ ಇಷ್ಟು ಅನುಭವಿಸಿದ್ದರೆ ನಾನಾದರೂ ಮಾಡದ ತಪ್ಪು ಒಪ್ಪಿಕೊಳ್ಳುತ್ತಿದ್ದೆ. ಇದು ಒಪ್ಪಿಕೊಳ್ಳಲಿಲ್ಲ.

ನಮ್ಮ ಅಂಗಡಿಯ ಯಜಮಾನ ಚಿಯಾ ಹಿಂದೆ ಬಂದು ನಿಂತು, ‘ಏನಮ್ಮಾ ಹಲೀಜಾ, ತಿಂಗಳಿಂದ ಅದನ್ನೇ ಹಿಡ್ಕೊಂಡಿದ್ದೀಯ. ಮದುವೆ ಗಿದುವೆ ಆಗೋ ಯೋಚ್ನೆನಾ?’ ಅಂದ.

‘ಸತ್ತ ಗಂಡನಿಗಿಂತ ವಾಸಿ ಸಾರ್. ಕೇಳಿದ್ದಕ್ಕೆ ಉತ್ರ ಕೊಡುತ್ತೆ’ ಅಂದೆ.

ನೀನು ನನ್ನ ತಮ್ಮನೆಂದು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಮೀಟರನ್ನು ಬೇರೆಯವರ ಮೇಜಿಗೆ ಕೊಡುತ್ತಾನೆ. ಹೇಳದಿದ್ದದ್ದು ತಪ್ಪೆಂದು ನನಗೆ ಗೊತ್ತು.

ಈಗ ಒಂದು ಕೆಲಸ ಮಾಡು. ಮೀಟರನ್ನು ನೋಡಿ ಮುಗಿಯಿತು, ಉಳಿದಿರುವುದು ನೀವಿಬ್ಬರು. ಆ ಕೊನೆಯ ಫೋಟೋಗೆ ಫಿಲ್ಮು ಕಟ್ಟಿದಲ್ಲಿಂದ ಹಿಡಿದು ನೀನು ಕಿರುಚುವವರೆಗೆ ವಾಕಿಟಾಕಿಯಲ್ಲಿ ಆಡಿದ ಮಾತನ್ನೆಲ್ಲ ಆಡಿದ ಹಾಗೆಯೇ ಬರೆದು ಕಳಿಸು. ದೋಷ ಹುಡುಕುವುದೆಂದರೆ ತುದಿಯಿಂದ ತುದಿಗೆ ತಂತಿ ಮುಟ್ಟಿಕೊಂಡು ಹೋಗುವುದು.

ಮೀನನು ಬಿಸಿಲಲಿ ಹರಡಿದ ಮೇಲೆ ಬೆಕ್ಕನು ಬೈದರೆ ಏನುಂಟು?
ಮೀಟರ ಹೊಟ್ಟೆಯ ಬಗೆದ ಮೇಲೆ ಅಲ್ಲಿ ಇಲ್ಲದ್ದು ಎಲ್ಲುಂಟು?

ಹಲೀಜಾ

*

ಕೆಮಾಮನ್
6 ಮೇ 1996

ಅಕ್ಕ,

ಎರಡೂ ಬೆರಳಿನ ತುದಿ ತೆಗೆದರು. ಉಗುರಿನ ಕೆಳಗಿನ ಗೆಣ್ಣಿನವರೆಗೆ.

ನೀನು ಕೇಳಿದ ಮಾತು: ನಾನು ‘ಕೊಸೊಂಗ್?’ ಅವನು ‘ಕೊಸೊಂಗ್, ಭಾವ.’ ನಾನು ‘ಹಾಗಾದ್ರೆ ಬಿಚ್ಚೋ, ಹೋಗೋಣ.’ ಅವನು ‘ಆಯ್ತು ಭಾವ, ಗಂಜಿ ಖಾಲಿಯಾಗೋಷ್ಟ್ರಲ್ಲಿ ಹೋಗೋಣ.’ ಇಷ್ಟೇ. ಮೊದಲೇ ಬರೆದಿದ್ದೆ.

ನಿನ್ನನ್ನು ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಬಿಟ್ಟು ಬಿಟ್ಟು ಬರುವ ದೋಷ ಅಂತ ಒಂದಿದೆಯಲ್ಲ, ಕೆಲವೊಮ್ಮೆ ಸ್ಪ್ರಿಂಗು ಮುಟ್ಟುತ್ತದೆ, ಕೆಲವೊಮ್ಮೆ ಇಲ್ಲ. ಹಾಗೆ ಬರೆದರೆ ಯಾರು ಅಲ್ಲವೆನ್ನುತ್ತಾರೆ? ಮೀಟರಿಗೆ ಹೆಂಡತಿ ಮಕ್ಕಳಿಲ್ಲ. ಅದರ ಹೆಸರು ಕೆಟ್ಟರೆ ಯಾರ ಮನೆಯಲ್ಲಿ ಅಳುತ್ತಾರೆ? ನನಗಾಗಿ ಬೇಡ, ದೆರಾಮನ್‌ಗಾಗಿ ಬರೆ.

ಜುಸೋ

*

ಕ್ಲಾಂಗ್
17 ಮೇ 1996

ಜುಸೋ,

ಬರೆದಿದ್ದೇನೆ.

ನಿನ್ನ ಕಾಗದ ಬಂದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಚಿಮುಟ ತೆಗೆದುಕೊಂಡು ಆ ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಅಷ್ಟೇ ಸಾಕು. ಈಗ ಮೀಟರನ್ನು ಎಡಕ್ಕೆ ವಾಲಿಸಿದರೆ ಮುಳ್ಳು ಸೊನ್ನೆಗೆ ಬೀಳುತ್ತದೆ, ನೆಟ್ಟಗೆ ಹಿಡಿದರೆ ಏಳುತ್ತದೆ. ಇಷ್ಟು ವರ್ಷ ಕೆಟ್ಟಿದ್ದನ್ನು ಸರಿಮಾಡಿ ಕೂಲಿ ತಿಂದೆ. ಸರಿಯಿದ್ದದ್ದನ್ನು ಕೆಡಿಸುವುದು ಎಷ್ಟು ಸಲೀಸು ಎಂದು ಗೊತ್ತಿರಲಿಲ್ಲ. ವರದಿ ಟೈಪು ಮಾಡಿ ಲಕೋಟೆಯಲ್ಲಿಟ್ಟಿದ್ದೇನೆ. ಅಂಟಿಸಿಲ್ಲ.

ಅಂಟಿಸುವ ಮೊದಲು ಒಂದು ಕೇಳುತ್ತೇನೆ. ಹೋದ ವರ್ಷ ಹಬ್ಬಕ್ಕೆ ಊರಿಗೆ ಬಂದಾಗ ದೆರಾಮನ್ ನಮ್ಮ ಮೆಟ್ಟಿಲ ಮೇಲೆ ಕೂತು ನಿನ್ನನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದ. ‘ನಮ್ ಭಾವ ಒಂದ್ ಫೋಟೋಗೆ ಎರಡ್ ಕೊಸೊಂಗ್ ಕೇಳ್ತಾರೆ. ಕಾಳು ಬಿಡೋಕ್ ಮುಂಚೆ ಒಂದು, ಜಾಗ ಖಾಲಿನಾ ಅಂತ. ಎಳ್ಕೊಂಡ್ ಮೇಲೆ ಒಂದು, ಮುಳ್ಳು ಸೊನ್ನೇನಾ ಅಂತ. ನಮ್ಮಕ್ಕನ್ನೂ ಎರಡ್ ಸಲ ಕೇಳೇ ಮದ್ವೆ ಆಗಿರ್ಬೇಕು, ಖಾಲಿನಾ ಖಾಲಿನಾ ಅಂತ!’ ನೀನು ಅವನ ತಲೆಗೆ ಮೊಟಕಿದ್ದೆ.

ಖಾಲಿಗೂ ಸೊನ್ನೆಗೂ ನಮಗೆ ಒಂದೇ ಮಾತು, ಕೊಸೊಂಗ್. ಹಾಲು ಸಕ್ಕರೆಯಿಲ್ಲದ ಚಹಾಗೂ ಅದೇ. ಇಷ್ಟು ದಿನ ನೀವು ಎಣಿಸಿ ಬದುಕಿದ್ದೀರಿ. ಮೊದಲನೆಯದು ಜಾಗದ ಕೊಸೊಂಗ್, ಎರಡನೆಯದು ಮುಳ್ಳಿನ ಕೊಸೊಂಗ್.

ನೀನು ಬರೆದು ಕಳಿಸಿದ್ದರಲ್ಲಿ ಒಂದೇ ಇದೆ. ಫಿಲ್ಮು ಕಟ್ಟಿದಲ್ಲಿಂದ ಬರೆ ಎಂದಿದ್ದೆ. ಮೊದಲನೆಯದು ಎಲ್ಲಿ?

ಹಲೀಜಾ

*

ಕೆಮಾಮನ್
31 ಮೇ 1996

ಅಕ್ಕ,

ಮೊದಲನೆಯದನ್ನು ನಾನು ಕೇಳಲಿಲ್ಲ.

ಜುಸೋ

*

ಕ್ಲಾಂಗ್
5 ಜೂನ್ 1996

ಜುಸೋ,

ನಿನ್ನ ಒಂದು ಸಾಲನ್ನು ಹಿಡಿದು ಮಿಕ್ಕಿದ್ದನ್ನು ನಾನೇ ಪೋಣಿಸಿಕೊಂಡೆ. ತಪ್ಪಿದ್ದರೆ ತಿದ್ದು.

ಹೊತ್ತಾಗಿತ್ತು. ಹೊಟ್ಟೆ ಹಸಿದಿತ್ತು. ಕೊನೆಯ ಫೋಟೋ. ಆ ಕಡೆ ಎಲ್ಲರೂ ಗಂಜಿಗೆ ಹೋದದ್ದು ನಿನಗೆ ಕೇಳಿಸುತ್ತಲೇ ಇತ್ತು, ಜಾಗ ಖಾಲಿಯೆಂದು ನೀನೇ ಅಂದುಕೊಂಡು ಕೇಳದೆ ಕಾಳು ಬಿಟ್ಟೆ. ದೆರಾಮನ್ ಆಗ ಹಗ್ಗ ಕಟ್ಟಿದ ಗಡಿಯ ಹತ್ತಿರ ಹಿಂದುಳಿದವರನ್ನು ಓಡಿಸುತ್ತಿದ್ದಿರಬೇಕು. ಅವನ ಪ್ರಕಾರ ಫೋಟೋ ಶುರುವೇ ಆಗಿಲ್ಲ. ಅಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು ಒಂದು ‘ಕೊಸೊಂಗ್?’. ಅವನ ಎಣಿಕೆಗೆ ಅದು ಮೊದಲನೆಯದು. ಜಾಗ ಖಾಲಿಯಿತ್ತು, ‘ಕೊಸೊಂಗ್’ ಅಂದ. ನೀನು ‘ಬಿಚ್ಚು’ ಅಂದಾಗ, ಭಾವ ಇವತ್ತು ಈ ಫೋಟೋ ಕೈಬಿಟ್ಟರು, ಪುಣ್ಯಾತ್ಮರು ಎಂದುಕೊಂಡು ಓಡಿಬಂದ. ಕಾಳು ಹೊರಗೇ ಬಂದಿಲ್ಲ ಎಂದುಕೊಂಡವನು ಮುಳ್ಳನ್ನು ಏಕೆ ನೋಡುತ್ತಾನೆ? ಅವನ ಕುತ್ತಿಗೆಗೆ ನೇತುಹಾಕಿದ್ದ ಮೀಟರಿನಲ್ಲಿ ಅದು ಕೊನೆಯ ಗೆರೆಯಲ್ಲಿ ನಿಂತು ನಡುಗುತ್ತಿತ್ತು. ಯಾರೂ ನೋಡಲಿಲ್ಲ.

ನೀನು ಮುಗಿಯಿತೆಂದುಕೊಂಡು ಕೇಳಿದೆ, ಅವನು ಶುರುವಾಗಿಲ್ಲವೆಂದುಕೊಂಡು ಹೇಳಿದ. ಜುಸೋ, ಅವನ ಉತ್ತರ ಸರಿಯಿತ್ತು.

ಸ್ಪ್ರಿಂಗನ್ನು ನೆಟ್ಟಗೆ ಮಾಡಿದ್ದೇನೆ. ಮೊದಲ ವರದಿಯನ್ನು ಹರಿದೆ. ಚಿಯಾಗೆ ಎಲ್ಲ ಹೇಳಿದೆ, ನೀನು ತಮ್ಮನೆನ್ನುವುದನ್ನೂ ಸ್ಪ್ರಿಂಗನ್ನೂ. ಆತ ಬಹಳ ಹೊತ್ತು ಕನ್ನಡಕ ಒರೆಸಿದ. ಆಮೇಲೆ ‘ನಾಳೆಯಿಂದ ನಿನ್ ಕೆಲಸಾನ ಇನ್ನೊಬ್ರು ನೋಡಿ ಸಹಿ ಹಾಕ್ಬೇಕು’ ಅಂದ. ಇಷ್ಟು ವರ್ಷದ ಮೇಲೆ ನನ್ನ ಕೆಲಸಕ್ಕೆ ಇನ್ನೊಬ್ಬರ ಸಹಿ. ನನಗೆ ಅದು ಸಲ್ಲಬೇಕಾದದ್ದೇ. ಮೀಟರನ್ನು ಬೇರೆಯವನು ಮತ್ತೆ ಪರೀಕ್ಷಿಸಿದ. ವರದಿ ಹೊರಟಿದೆ: ದೋಷವಿಲ್ಲ.

ಈ ವರದಿ ಒಂದೇ ವಿಚಾರಣೆಗೆ ಹೋದರೆ ದೆರಾಮನ್ ಸುಳ್ಳನಾಗುತ್ತಾನೆ. ಮೀಟರನ್ನು ಬಿಡಿಸಿದ ನಾನೇ ಅವನನ್ನು ಸಿಕ್ಕಿಸಿದಂತಾಗುತ್ತದೆ. ಅವನನ್ನು ಬಿಡಿಸುವುದು ನಿನ್ನ ಒಂದು ಸಾಲಿನಿಂದ ಮಾತ್ರ ಸಾಧ್ಯ. ಅದನ್ನು ನನಗೆ ಬರೆದದ್ದು ಸಾಲದು. ಇಲಾಖೆಯವರ ಎದುರು ಹೇಳುವ ಮೊದಲು ಅವನಿಗೆ ಹೇಳು. ಹಬ್ಬದಲ್ಲಿ ಕೇಳಿದ ಹಾಗೆ ಸಗಟಾಗಿ ಬೇಡ.

ಅಕ್ಕ,
ಹಲೀಜಾ

*

ಕೆಮಾಮನ್
24 ಜೂನ್ 1996

ಅಕ್ಕ,

ತಿದ್ದುವುದು ಏನೂ ಇಲ್ಲ. ಒಂದು ಮಾತ್ರ ಸೇರಿಸುತ್ತೇನೆ. ಮೊದಲನೆಯದನ್ನು ಕೇಳಿಲ್ಲವೆಂದು ಆ ಸಂಜೆ ಬೀಗ ಬೀಳದಿದ್ದ ಕ್ಷಣವೇ ನನಗೆ ಹೊಳೆದಿತ್ತು. ಅವನು ‘ನೋಡ್ದೆ ಭಾವ’ ಅಂದಾಗ ಅದು ಹೆದರಿಕೆಯ ಮಾತೆಂದೂ ಗೊತ್ತಾಯಿತು. ಗೊತ್ತಾಗಿಯೂ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ ನಿನ್ನ ಮೇಜಿಗೆ ಮೀಟರು ಕಳಿಸಿದೆ.

ವಿಚಾರಣೆಯ ಹಿಂದಿನ ದಿನ ಹೊಳೆ ದಾಟಿ ಹೋದೆ. ಅವನು ತಾಯಿಯ ಜೊತೆ ಜಗಲಿಯಲ್ಲಿ ಕೂತು ಎಡಗೈಯಲ್ಲಿ ಬಲೆಯ ಗಂಟು ಬಿಡಿಸುತ್ತಿದ್ದ.

‘ಬನ್ನಿ ಭಾವ. ಮೀಟರ್ದು ವರದಿ ಬಂತಾ?’

‘ಬಂತು. ಕೆಟ್ಟಿರಲಿಲ್ಲ.’

ಅವನ ಮುಖ ನೋಡಲಾಗಲಿಲ್ಲ. ‘ಹಾಗಾದ್ರೆ ನಾನೇ...’ ಎಂದು ಶುರುಮಾಡಿದ.

‘ನೀನಲ್ಲ ಕಣೋ. ಆವತ್ತು ನಾನು ನಿನ್ನ ಎಷ್ಟ್ ಸಲ ಕೇಳ್ದೆ? ಎಣಿಸು.’

ಅವನು ಬಲೆಯನ್ನು ಕೆಳಗಿಟ್ಟ. ಎಣಿಸುವುದಕ್ಕೆ ಏನಿದೆ ಅಕ್ಕ, ಒಂದು. ಆದರೂ ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಎಲ್ಲ ಹೇಳಿದೆ, ಕೇಳದೆ ಕಾಳು ಬಿಟ್ಟದ್ದು, ಅವತ್ತೇ ಗೊತ್ತಿದ್ದದ್ದು, ನಿನ್ನಿಂದ ಸುಳ್ಳು ವರದಿ ಬರೆಸಲು ಹೊರಟದ್ದು. ಅವನ ತಾಯಿ ಕೈಮುಗಿದುಕೊಂಡಂತೆ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡಿದ್ದಳು.

‘ಇಷ್ಟ್ ತಿಂಗ್ಳು’ ಅಂದ ಅವನು. ‘ನಾನು ಕೇಳ್ದಾಗೆಲ್ಲ ನೀವು...’ ಅಂದ. ವಾಕ್ಯ ಮುಗಿಸಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಮಾರನೆಯ ದಿನ ಇಲಾಖೆಯವರ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡು ವರ್ಷ ನಾನು ಕಾಳು ಮುಟ್ಟುವಂತಿಲ್ಲ. ಕಂಪನಿಯವರು ನನ್ನನ್ನು ಉಗ್ರಾಣದಲ್ಲಿ ಕೂರಿಸಿದ್ದಾರೆ, ಕೈಗವಸು ಮತ್ತು ಬೂಟು ಎಣಿಸಿ ಕೊಡುವುದು. ದೆರಾಮನ್‌ನ ಪರವಾನಗಿ ಉಳಿಯಿತು. ಇನ್ನು ಮೇಲೆ ಅಂಗಳದಲ್ಲಿ ‘ಕೊಸೊಂಗ್’ ಅನ್ನುವ ಮಾತೇ ಕೂಡದು. ಜಾಗಕ್ಕೆ ‘ಯಾರೂ ಇಲ್ಲ’ ಅನ್ನಬೇಕು, ಮುಳ್ಳಿಗೆ ಅದು ತೋರಿಸುವ ಅಂಕಿ ಓದಬೇಕು ಎಂದು ಹಲಗೆಯ ಮೇಲೆ ಬರೆದು ಹಾಕಿದ್ದಾರೆ.

ರೊಹಾಯಾ ನನ್ನೊಡನೆ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ. ಉಪ್ಪು ಬೇಕಾ. ಅಂಗಿ ಒಣಗಿದೆ. ನಿನ್ನೆ ಕೇಳಿದಳು: ‘ಮೊದಲೇ ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?’ ಪ್ರತಿ ಶುಕ್ರವಾರ ನಮಾಜು ಮುಗಿಸಿ ಹೊಳೆ ದಾಟಿ ಅವರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಬಾಗಿಲು ತೆರೆದಿಲ್ಲ.

ಜುಸೋ

*

ಕೆಮಾಮನ್, ಹೊಳೆಯಾಚೆ
12 ಆಗಸ್ಟ್ 1996

ಗೌರವಾನ್ವಿತ ಹಲೀಜಕ್ಕನವರಿಗೆ ದೆರಾಮನ್ ಮಾಡುವ ಸಲಾಮು.

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಏಡಿ ನಡೆದಂತಿದ್ದರೆ ಮನ್ನಿಸಿ. ಉಣ್ಣುವುದಕ್ಕೆ ಬಲಗೈಯನ್ನೇ ಮತ್ತೆ ಒಗ್ಗಿಸಿಕೊಂಡಿದ್ದೇನೆ, ಮೂರು ಬೆರಳಿನಲ್ಲಿ. ತುತ್ತು ಚಿಕ್ಕದಾಯಿತು, ಅಮ್ಮನಿಗೆ ಬಿಡುವಾಯಿತು.

ಮೊದಲು ನನ್ನದೊಂದು ಹೇಳಬೇಕು. ಮುಳ್ಳು ನಾನು ನೋಡಿರಲಿಲ್ಲ. ಭಾವ ಹಾಗೆ ಕಿರುಚಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಹೆದರಿಕೆಯಲ್ಲಿ ನೋಡಿದೆ ಅಂದುಬಿಟ್ಟೆ. ಆಮೇಲೆ ಎಲ್ಲರೂ ಕೇಳಿದರು, ಎಲ್ಲರಿಗೂ ಅದನ್ನೇ ಹೇಳಿದೆ. ಹೇಳಿ ಹೇಳಿ ಆ ಮುಳ್ಳು ನಿಜವಾಗಿ ಸೊನ್ನೆಯಲ್ಲಿ ನಿಂತದ್ದು ಕಣ್ಣಿಗೆ ಕಾಣಿಸತೊಡಗಿತು. ನನ್ನ ಒಂದು ಮಾತಿಗೆ ನೀವು ಆ ಮೀಟರನ್ನು ಆವಿಯಲ್ಲಿ ಬೇಯಿಸಿದಿರಂತೆ, ಮಂಜುಗಡ್ಡೆಯಲ್ಲಿ ಹೂತಿರಂತೆ. ರೊಹಾಯಕ್ಕ ಹೇಳಿದಳು. ಅದಕ್ಕೂ ನಿಮಗೂ ನಾನು ತಪ್ಪಿತಸ್ಥ.

ಭಾವ ಬಂದು ಹೇಳಿದ ದಿನದಿಂದ ನನಗೆ ಅವರ ಮೇಲೆ ಕೋಪ. ಎಂಥ ಕೋಪ ಎಂದು ನಿಮಗೆ ಹೇಗೆ ಹೇಳಲಿ, ಅವರು ನಿಮ್ಮ ತಮ್ಮ. ಆದರೂ ನಿಮಗೇ ಹೇಳಬೇಕು, ಇಲ್ಲಿ ಹೇಳಿದರೆ ಊರು ಹಬ್ಬಿಸುತ್ತದೆ. ಅದಕ್ಕೆ ಮುಂಚೆ ಐದು ತಿಂಗಳು ನನಗೆ ನನ್ನ ಮೇಲೇ ಕೋಪವಿತ್ತು. ನನ್ನ ಮೇಲಿನ ಕೋಪ ಇಟ್ಟುಕೊಂಡು ಎಲ್ಲಿಗೆ ಹೋಗಲಿ? ಮಲಗಿದರೂ ಜೊತೆಗೇ ಮಲಗುತ್ತಿತ್ತು. ಭಾವನ ಮೇಲಿನ ಕೋಪ ಹಾಗಲ್ಲ, ಅದಕ್ಕೊಂದು ಮನೆಯಿದೆ, ಹೊಳೆಯ ಆ ಕಡೆ. ಬಾಗಿಲಿಗೆ ಚಿಲಕ ಹಾಕಿದರೆ ಹೊರಗೆ ನಿಲ್ಲುತ್ತದೆ. ಆ ರಾತ್ರಿ ನಾನು ಮಗುವಿನಂತೆ ನಿದ್ದೆ ಮಾಡಿದೆ.

ಅವರು ಪ್ರತಿ ಶುಕ್ರವಾರ ಬರುತ್ತಾರೆ. ಬಂದು ಜಗಲಿಯಲ್ಲಿ ಕೂರುತ್ತಾರೆ. ಅಮ್ಮ ಚಹಾ ಕೊಟ್ಟು ‘ಒಳಗಿದಾನೆ’ ಅನ್ನುತ್ತಾಳೆ. ಅವರು ‘ಇರ್ಲಿ ಬಿಡಿ ಅತ್ತೆ’ ಅನ್ನುತ್ತಾರೆ. ಕೆಮ್ಮುತ್ತಾರೆ. ಹೋಗುತ್ತಾರೆ. ಅಕ್ಕ ಬಂದಾಗ ಬಯ್ಯುತ್ತಾಳೆ: ‘ಸಾಕು ಮಾಡೋ, ಮನುಷ್ಯ ಕರಗಿ ಹೋದ್ರು.’ ‘ಕರಗಲಿ, ನನ್ ಬೆರಳೂ ಕರಗಿದ್ವು’ ಅಂದೆ. ಅವಳು ಅತ್ತಳು. ಅಂದದ್ದಕ್ಕೆ ಬೇಸರವಾಯಿತು, ಆದರೆ ಅದು ನಿಜವೇ ತಾನೆ.

ಈಗ ತೊಂದರೆ ಏನೆಂದರೆ ಕೋಪ ಇಳಿಯುತ್ತಿದೆ. ನಾನು ಬೇಕೆಂದು ಇಳಿಸುತ್ತಿಲ್ಲ. ಹೋದ ಶುಕ್ರವಾರ ದೋಣಿ ತಡವಾಗಿ ಅವರು ಬರುವುದು ಹೊತ್ತಾಯಿತು. ನಾನು ಮೂರು ಸಲ ಎದ್ದು ಕಿಟಕಿಯಿಂದ ನೋಡಿದೆ. ಬಂದದ್ದು ಕಂಡಾಗ ಉಸಿರುಬಿಟ್ಟು ಮತ್ತೆ ಗೋಡೆಗೆ ತಿರುಗಿ ಮಲಗಿದೆ.

ಬಾಗಿಲು ತೆಗೆಯುತ್ತೇನೆ. ಯಾವಾಗ ಎಂದು ಗೊತ್ತಿಲ್ಲ. ತೆಗೆದಾಗ ಮನ್ನಿಸಿದೆ ಎಂದು ಹೇಳುತ್ತೇನೋ, ಇನ್ನೇನಾದರೂ ಅನ್ನುತ್ತೇನೋ ಅದೂ ಗೊತ್ತಿಲ್ಲ.

ಇದನ್ನು ಭಾವನಿಗೆ ಬರೆಯಬೇಡಿ ಅಕ್ಕ. ಇನ್ನೂ ಕೆಲವು ಶುಕ್ರವಾರ ಅವರು ಬರಲಿ.

ನಿಮ್ಮ,
ದೆರಾಮನ್